ಪದಗಳ ಪ್ರಶ್ನೋತ್ತರ: ‘ತಾತ್ಕಾಲಿಕ’ ಎಂದರೆ ಎಲ್ಲಿಯವರೆಗೆ?

ಪ್ರಶ್ನೆ: ನಮ್ಮ ಊರಿನ ಪಕ್ಕದ ಉಪನಾಲೆಯ ಏರಿ ಒಡೆದು ಗದ್ದೆಗಳಿಗೆ ನೀರು ನುಗ್ಗಿದಾಗ ಮರಳಿನ ಮೂಟೆಗಳನ್ನು ಪೇರಿಸಿ ನೀರು ನಿಲ್ಲಿಸಿದರು. ಪತ್ರಿಕೆಯೊಂದು ಇದನ್ನು ‘ಹಂಗಾಮಿ ದುರಸ್ತಿ’ ಎಂದು ಬರೆಯಿತು. ಕಚೇರಿಯಿಂದ ಬಂದ ಉತ್ತರದಲ್ಲಿ ‘ತಾತ್ಕಾಲಿಕ ಪರಿಹಾರ’ ಎಂದಿತ್ತು. ಊರಿನ ರೈತರು ಕೊಟ್ಟ ಮನವಿಯಲ್ಲಿ ‘ತೇಪೆ ಕೆಲಸ’ ಎಂದಿತ್ತು. ಮೂರಕ್ಕೂ ಅರ್ಥ ಒಂದೇ ಅಲ್ಲವೇ? ಬರವಣಿಗೆಯಲ್ಲಿ ಯಾವುದನ್ನು ಬಳಸಬೇಕು?
— ಓದುಗರೊಬ್ಬರು, ಮದ್ದೂರು

ಉತ್ತರ: ಮೂರೂ ಒಂದೇ ಮೂಟೆಗಳನ್ನು ಕುರಿತು ಆಡಿದ ಮಾತುಗಳಾದರೂ ಮೂರರ ಅರ್ಥ ಬೇರೆ ಬೇರೆ. ‘ತಾತ್ಕಾಲಿಕ’ ಎಂಬುದು ಕಾಲವನ್ನು ಹೇಳುತ್ತದೆ, ‘ತೇಪೆ’ ಎಂಬುದು ಕೆಲಸದ ಗುಣವನ್ನು ಹೇಳುತ್ತದೆ, ‘ಹಂಗಾಮಿ’ ಎಂಬುದು ನಮ್ಮ ಮೈಸೂರು ಸೀಮೆಯ ಬಳಕೆಯಲ್ಲಿ ಹೆಚ್ಚಾಗಿ ಹುದ್ದೆಯನ್ನೂ ಹುದ್ದೆಯಲ್ಲಿರುವವರನ್ನೂ ಹೇಳುತ್ತದೆ.

ಮೊದಲು ‘ತಾತ್ಕಾಲಿಕ’ವನ್ನು ನೋಡೋಣ. ‘ತತ್’ ಎಂದರೆ ಅದು, ‘ತತ್ಕಾಲ’ ಎಂದರೆ ಆ ಹೊತ್ತು. ವರ್ಷಕ್ಕೆ ‘ಇಕ’ ಪ್ರತ್ಯಯ ಸೇರಿ ವಾರ್ಷಿಕವೂ ಸಮಾಜಕ್ಕೆ ಸೇರಿ ಸಾಮಾಜಿಕವೂ ಆದಂತೆ, ತತ್ಕಾಲಕ್ಕೆ ಅದೇ ಪ್ರತ್ಯಯ ಸೇರಿದಾಗ ಮೊದಲ ಸ್ವರ ದೀರ್ಘವಾಗಿ ‘ತಾತ್ಕಾಲಿಕ’ ಆಗುತ್ತದೆ. ಸಂಸ್ಕೃತದಲ್ಲಿ ಈ ಪದಕ್ಕೆ ಆ ಹೊತ್ತಿಗೆ ಸೇರಿದ, ಆ ಕ್ಷಣದಲ್ಲಿಯೇ ಆಗುವ, ಅಷ್ಟು ಹೊತ್ತು ಮಾತ್ರ ಇರುವ ಎಂಬ ಅರ್ಥಗಳೆಲ್ಲ ಇದ್ದವು. ಹಿಂದಿಯವರು ನಡುವಿನ ಅರ್ಥವನ್ನು ಹೆಚ್ಚಾಗಿ ಹಿಡಿದುಕೊಂಡರು, ನಾವು ಕೊನೆಯದನ್ನು ಹಿಡಿದುಕೊಂಡೆವು. ರೈಲ್ವೆಯವರು 1997ರಲ್ಲಿ ಜಾರಿಗೆ ತಂದ ‘ತತ್ಕಾಲ್’ ಟಿಕೆಟಿನ ಹೆಸರಿನಲ್ಲಿರುವುದು ‘ಕೂಡಲೇ’ ಎಂಬ ಹಿಂದಿಯ ಅರ್ಥ. ಮೈಸೂರು ರೈಲು ನಿಲ್ದಾಣದಲ್ಲಿ ಅದಕ್ಕಾಗಿ ಬೆಳಿಗ್ಗೆಯೇ ಸಾಲು ನಿಲ್ಲುವವರು ಯಾರೂ ತಾತ್ಕಾಲಿಕ ಟಿಕೆಟನ್ನು ಬಯಸಿ ಬಂದವರಲ್ಲ.

ಕನ್ನಡದ ‘ತಾತ್ಕಾಲಿಕ’ದಲ್ಲಿ ಗಮನಿಸಬೇಕಾದದ್ದು ಅದರೊಳಗೆ ಅಡಗಿರುವ ‘ಆ’ ಎಂಬ ಸೂಚನೆ. ಆ ಹೊತ್ತು ಎಂದರೆ ಯಾವ ಹೊತ್ತು, ಅದು ಮುಗಿಯುವುದು ಯಾವಾಗ ಎಂಬುದಕ್ಕೆ ವಾಕ್ಯದಲ್ಲಾಗಲಿ, ಸಂದರ್ಭದಲ್ಲಾಗಲಿ ಉತ್ತರವಿರಬೇಕು. ಉತ್ತರವಿದ್ದರೆ ಈ ಪದದಲ್ಲಿ ಕೊಂಕಿನ ಸೋಂಕು ಸ್ವಲ್ಪವೂ ಇರುವುದಿಲ್ಲ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾದ ಮೇಲೆ, 1912ರಲ್ಲಿ ಹೊಸ ಅರಮನೆ ಸಿದ್ಧವಾಗುವವರೆಗೆ, ರಾಜಮನೆತನದ ವಾಸ್ತವ್ಯ ಜಗನ್ಮೋಹನ ಅರಮನೆಯಲ್ಲಿತ್ತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡ ಸಮಾರಂಭವೂ ಅಲ್ಲಿಯೇ ನಡೆಯಿತು. ಹದಿನೈದು ವರ್ಷ ನಡೆದರೂ ಅದು ತಾತ್ಕಾಲಿಕ ವ್ಯವಸ್ಥೆಯೇ ಆಗಿತ್ತು, ಏಕೆಂದರೆ ಅದು ಕೊನೆಗಾಣಬೇಕಾದ ದಿನ ಯಾವುದರ ಮೇಲೆ ನಿಂತಿದೆ ಎಂಬುದು ಊರಿಗೆಲ್ಲ ತಿಳಿದಿತ್ತು. ಈಚಿನ ಉದಾಹರಣೆ ಬೇಕೆಂದರೆ ತುಂಗಭದ್ರಾ ಜಲಾಶಯವಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸುವ ಸ್ಟಾಪ್‌ಲಾಗ್ ಗೇಟನ್ನು ಹರಿಯುವ ನೀರಿನಲ್ಲಿಯೇ ಅಳವಡಿಸಿದರು. ವಾರದೊಳಗೆ ಆದ ಆ ಕೆಲಸವನ್ನು ‘ತಾತ್ಕಾಲಿಕ ಗೇಟ್’ ಎಂದು ಪತ್ರಿಕೆಗಳು ಬರೆದವು. ಅದನ್ನು ‘ತೇಪೆ’ ಎಂದಿದ್ದರೆ ಆ ಕೆಲಸಗಾರರಿಗೆ ಅಪಚಾರವಾಗುತ್ತಿತ್ತು.

‘ತೇಪೆ’ ಬಟ್ಟೆಯಿಂದ ಬಂದ ಮಾತು. ಹರಿದ ಕಡೆ ಬೇರೆ ತುಂಡನ್ನು ಇಟ್ಟು ಹೊಲಿದರೆ ಅದು ತೇಪೆ. ನಮ್ಮ ಹಳ್ಳಿಗಳ ಬಾಯಲ್ಲಿ ‘ತ್ಯಾಪೆ’. ಬಟ್ಟೆಯ ಮಟ್ಟಿಗೆ ಅದು ಒಪ್ಪುವ ಕೆಲಸವೇ. ರಸ್ತೆ, ನಾಲೆ, ಕಾಯಿದೆ, ಒಪ್ಪಂದಗಳ ಮಟ್ಟಿಗೆ ಬಳಸಿದಾಗ ಮಾತ್ರ ಮೂಲದ ದೋಷವನ್ನು ಮುಟ್ಟದೆ ಮೇಲೆ ಮುಚ್ಚಿದ್ದಾರೆ ಎಂಬ ಆಕ್ಷೇಪ ಅದರೊಂದಿಗೇ ಬರುತ್ತದೆ. ಹಾಗಾಗಿ ‘ತೇಪೆ’ ಎಂದು ಬರೆಯುವವರು ವರದಿ ಮಾಡುತ್ತಿಲ್ಲ, ತೀರ್ಪು ಕೊಡುತ್ತಿದ್ದಾರೆ. ಮನವಿಪತ್ರದಲ್ಲಿ ಅದಕ್ಕೆ ಅವಕಾಶವಿದೆ. ಸುದ್ದಿಯಲ್ಲಿ ಅದು ಯಾರ ಮಾತೆಂದು ತಿಳಿಸಿ ಉದ್ಧರಣ ಚಿಹ್ನೆಯೊಳಗೆ ಇಡುವುದು ಒಳ್ಳೆಯದು. ‘ತೇಪೆ ಹಚ್ಚುವುದು’ ಮತ್ತು ‘ಮೂಗಿಗೆ ತುಪ್ಪ ಸವರುವುದು’ ಎಂಬೆರಡನ್ನು ಕೆಲವರು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬರೆಯುತ್ತಾರೆ. ತೇಪೆಯಲ್ಲಿ ಅಲ್ಪಸ್ವಲ್ಪವಾದರೂ ಕೆಲಸ ನಡೆದಿರುತ್ತದೆ. ತುಪ್ಪ ಸವರುವಲ್ಲಿ ಪರಿಮಳವಷ್ಟೇ ಬರುತ್ತದೆ, ಬಾಯಿಗೆ ಏನೂ ಬೀಳುವುದಿಲ್ಲ.

‘ಹಂಗಾಮಿ’ಯ ಚರಿತ್ರೆ ಮಂಡ್ಯ ಜಿಲ್ಲೆಯವರಿಗೆ ಹತ್ತಿರದ್ದು. ಪಾರಸಿಯಲ್ಲಿ ‘ಹಂಗಾಮ್’ ಎಂದರೆ ಕಾಲ, ಋತು. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಅದು ಬೆಳೆಯ ಕಾಲ ಎಂಬ ಅರ್ಥದಲ್ಲಿ ನೆಲೆ ನಿಂತು ಮುಂಗಾರು ಹಂಗಾಮು, ಬೇಸಿಗೆ ಹಂಗಾಮು, ಕಬ್ಬು ಅರೆಯುವ ಹಂಗಾಮು ಎಂಬ ಮಾತುಗಳಾದವು. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಸೀಮೆಯಲ್ಲಿ ಹಂಗಾಮು ಎಂದರೆ ಏನೆಂದು ಮಕ್ಕಳಿಗೂ ಗೊತ್ತು. ಕಬ್ಬು ಅರೆಯುವಷ್ಟು ತಿಂಗಳು ಮಾತ್ರ ಕಾರ್ಖಾನೆಯಲ್ಲಿ ಕೆಲಸಕ್ಕಿರುವವರು ಹಂಗಾಮಿ ಕೆಲಸಗಾರರು, ವರ್ಷವಿಡೀ ಇರುವವರು ಕಾಯಂ ಕೆಲಸಗಾರರು. ಈ ಮೂಲದ ಅರ್ಥದಲ್ಲಿ ಹಂಗಾಮಿ ಎನ್ನುವುದು ಮುಗಿದು ಮತ್ತೆ ಬರುವಂಥದ್ದು; ಋತು ಹೋಗಿ ಋತು ಬಂದಂತೆ ಅದೇ ಕೆಲಸಗಾರರು ಮರುವರ್ಷವೂ ಬರುತ್ತಾರೆ. ಅಲ್ಲಿಂದ ಅದು ಕಚೇರಿಯ ಭಾಷೆಗೆ ಹೋಗಿ ‘ಸದ್ಯಕ್ಕೆ ಇರುವ’ ಎಂಬ ಅರ್ಥವನ್ನು ಪಡೆಯಿತು. ದುರಸ್ತಿಗೆ ‘ಹಂಗಾಮಿ’ ಎಂಬ ವಿಶೇಷಣವನ್ನು ಹಚ್ಚಿದರೆ ವ್ಯಾಕರಣದ ತಪ್ಪೇನೂ ಆಗುವುದಿಲ್ಲ. ಆದರೂ ನಮ್ಮ ಕಡೆಯ ಕಿವಿಗೆ ಅದು ಪ್ರತಿ ಹಂಗಾಮಿನಲ್ಲೂ ಮಾಡಬೇಕಾದ ದುರಸ್ತಿ ಎಂದು ಕೇಳಿಸುವ ಸಂಭವವಿದೆ. ಕೆಲವು ನಾಲೆಗಳ ಮಟ್ಟಿಗೆ ಅದೂ ನಿಜವಿರಬಹುದು, ಆ ಮಾತು ಬೇರೆ.

ಇನ್ನು ನಿಮ್ಮ ಮರಳಿನ ಮೂಟೆಗೆ ಬರೋಣ. ನಾಲೆಯಲ್ಲಿ ನೀರು ಹರಿಯುತ್ತಿರುವಾಗ ಏರಿಯನ್ನು ಅಗೆದು ಕಲ್ಲು ಕಟ್ಟಿ ಗಟ್ಟಿ ಮಾಡಲು ಆಗುವುದಿಲ್ಲ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಕೃಷ್ಣರಾಜಸಾಗರದ ನಾಲೆಗಳಿಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುತ್ತ, ನೀರು ಬಿಡುವಾಗ, ಒಂದು ಕಟ್ಟಿನ ನೀರು ಮುಗಿದು ನಾಲೆ ಒಣಗುವವರೆಗೆ ಮೂಟೆಗಳನ್ನು ಇಟ್ಟಿದ್ದರೆ ಅದು ‘ತಾತ್ಕಾಲಿಕ ದುರಸ್ತಿ’, ಮತ್ತು ಹಾಗೆಂದು ಬರೆದ ಕಚೇರಿಯ ಮಾತು ಸರಿ. ನೀರು ನಿಂತು, ಬೇಸಿಗೆ ಕಳೆದು, ಮುಂದಿನ ಹಂಗಾಮಿಗೆ ಮತ್ತೆ ನೀರು ಬಂದಾಗಲೂ ಆ ಮೂಟೆಗಳೇ ಅಲ್ಲಿದ್ದರೆ ರೈತರ ‘ತೇಪೆ’ ಎಂಬ ಮಾತೇ ಸರಿಯಾಗುತ್ತದೆ. ಮೂಟೆ ಬದಲಾಗದಿದ್ದರೂ ಅದಕ್ಕೆ ಹೊಂದುವ ಪದ ಈ ನಡುವೆ ಬದಲಾಗಿರುತ್ತದೆ. ಬರೆಯುವವರು ‘ತಾತ್ಕಾಲಿಕ’ದ ಹಿಂದೆ ‘ಈ ಕಟ್ಟಿನ ನೀರು ಮುಗಿಯುವವರೆಗೆ’ ಎಂಬಂಥ ಒಂದು ‘ವರೆಗೆ’ಯನ್ನು ಸೇರಿಸಿದರೆ ಓದುಗರಿಗೆ ಅನುಮಾನ ಉಳಿಯುವುದಿಲ್ಲ. ಹಾಗೆ ಸೇರಿಸಲು ಹಿಂಜರಿಯುವ ಪತ್ರಗಳಲ್ಲಿಯೇ ಈ ಪದ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ನನ್ನ ಗಮನಕ್ಕೆ ಬಂದಿರುವ ಸಂಗತಿ.

ಪ್ರಶ್ನೆ: ‘ರೈತರಿಗೆ ತಾತ್ಕಾಲಿಕ ಪರಿಹಾರ’ ಎಂಬ ಶೀರ್ಷಿಕೆ ಓದಿ ನಮ್ಮ ನೆರೆಯವರು ಹಣ ಬಂದಿದೆಯೆಂದು ತಿಳಿದರು. ಒಳಗೆ ಓದಿದರೆ ವಿದ್ಯುತ್ತಿನ ವೇಳೆ ಬದಲಾಯಿಸಿದ ಸುದ್ದಿ. ತಪ್ಪು ಯಾರದು?
— ಓದುಗರೊಬ್ಬರು, ಕೆ.ಆರ್. ಪೇಟೆ

ಉತ್ತರ: ನಿಮ್ಮ ನೆರೆಯವರದಂತೂ ಅಲ್ಲ. ‘ಪರಿಹಾರ’ಕ್ಕೆ ಕನ್ನಡದಲ್ಲಿ ಸಮಸ್ಯೆಯ ಬಿಡುಗಡೆ ಎಂಬ ಅರ್ಥವೂ ನಷ್ಟಕ್ಕೆ ಕೊಡುವ ಹಣ ಎಂಬ ಅರ್ಥವೂ ಇವೆ, ಜೋಯಿಸರು ಹೇಳುವ ದೋಷ ಪರಿಹಾರ ಮೂರನೆಯದು. ರೈತ, ಬರ, ನೆರೆ, ಭೂಸ್ವಾಧೀನ ಎಂಬ ಪದಗಳ ಪಕ್ಕದಲ್ಲಿ ‘ಪರಿಹಾರ’ ಬಂದರೆ ಹಣವೆಂದೇ ಜನ ಓದುವುದು ಸಹಜ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿ, ಅರ್ಹ ರೈತರಿಗೆ ಗರಿಷ್ಠ ₹2,000ದವರೆಗಿನ ಹಣವನ್ನು ನೀಡುವುದಾಗಿ ಸರ್ಕಾರ ಹೇಳಿದಾಗ ಬಳಸಿದ ಮಾತು ‘ಮೊದಲ ಕಂತು’. ಅದು ಒಳ್ಳೆಯ ಆಯ್ಕೆ, ಏಕೆಂದರೆ ಕಂತು ಎಂದಕೂಡಲೇ ಅದು ಹಣವೆಂಬುದೂ ಇನ್ನೂ ಬರಬೇಕಾದದ್ದಿದೆ ಎಂಬುದೂ ಒಟ್ಟಿಗೆ ತಿಳಿಯುತ್ತದೆ. ಅದನ್ನೇ ‘ತಾತ್ಕಾಲಿಕ ಪರಿಹಾರ’ ಎಂದಿದ್ದರೆ ಕೊಟ್ಟ ಹಣವನ್ನು ಮುಂದೆ ಹಿಂದಕ್ಕೆ ಪಡೆಯುತ್ತಾರೆಯೇ ಎಂದು ಕೇಳುವವರೂ ಇರುತ್ತಿದ್ದರು. ಹಣಕ್ಕೆ ‘ಪರಿಹಾರ ಧನ’ ಎಂದೂ, ಉಪಾಯಕ್ಕೆ ‘ತಾತ್ಕಾಲಿಕ ಏರ್ಪಾಡು’ ಅಥವಾ ‘ತಾತ್ಕಾಲಿಕ ವ್ಯವಸ್ಥೆ’ ಎಂದೂ ಬೇರ್ಪಡಿಸಿ ಬರೆದರೆ ತೊಡಕು ತಪ್ಪುತ್ತದೆ. ವಿದ್ಯುತ್ತಿನ ವೇಳೆ ಬದಲಾಯಿಸಿದ್ದಕ್ಕೆ ‘ವೇಳೆ ಬದಲು’ ಎಂದರೆ ಸಾಕಿತ್ತು.

ಪ್ರಶ್ನೆ: ವಿಶ್ವವಿದ್ಯಾನಿಲಯದ ಸುದ್ದಿಗಳಲ್ಲಿ ಒಮ್ಮೆ ‘ಹಂಗಾಮಿ ಕುಲಪತಿ’, ಇನ್ನೊಮ್ಮೆ ‘ಪ್ರಭಾರ ಕುಲಪತಿ’ ಎಂದು ಬರುತ್ತದೆ. ಚುನಾವಣೆಯ ಕಾಲದಲ್ಲಿ ‘ಉಸ್ತುವಾರಿ ಸರ್ಕಾರ’ ಎಂಬ ಮಾತು ಕೇಳಿಬರುತ್ತದೆ. ಇವುಗಳ ವ್ಯತ್ಯಾಸವನ್ನು ದಯಮಾಡಿ ತಿಳಿಸಿ.
— ನಿವೃತ್ತ ಅಧ್ಯಾಪಕರು, ಸರಸ್ವತಿಪುರಂ, ಮೈಸೂರು

ಉತ್ತರ: ಖಾಲಿಯಾದ ಸ್ಥಾನದಲ್ಲಿ, ಕಾಯಂ ನೇಮಕವಾಗುವವರೆಗೆ, ಆ ಸ್ಥಾನದ ಅಧಿಕಾರವನ್ನು ನಡೆಸಲು ಕುಳಿತವರು ಹಂಗಾಮಿ. ತಮ್ಮ ಹುದ್ದೆಯಲ್ಲಿ ಇದ್ದುಕೊಂಡೇ ಇನ್ನೊಂದು ಹುದ್ದೆಯ ಹೊಣೆಯನ್ನು ಹೆಚ್ಚುವರಿಯಾಗಿ ಹೊತ್ತವರು ಪ್ರಭಾರ. ‘ಭಾರ’ ಎಂಬುದು ಆ ಪದದಲ್ಲಿಯೇ ಇದೆ, ಅದನ್ನು ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ. ವಿಶ್ವವಿದ್ಯಾನಿಲಯದ ಹಿರಿಯ ಪ್ರಾಧ್ಯಾಪಕರೊಬ್ಬರು ಕುಲಪತಿಯ ಸ್ಥಾನದಲ್ಲಿ ಕೆಲಕಾಲ ಕುಳಿತಾಗ ಎರಡು ಪದಗಳೂ ಹತ್ತಿರ ಬರುವುದರಿಂದ ಪತ್ರಿಕೆಗಳಲ್ಲಿ ಈ ಬೆರಕೆ ಆಗಿದೆ. ನೇಮಕದ ಆದೇಶದಲ್ಲಿ ಯಾವ ಪದವಿದೆಯೋ ಅದನ್ನೇ ವರದಿಯಲ್ಲೂ ಉಳಿಸಿಕೊಳ್ಳುವುದು ಸರಿಯಾದ ಮಾರ್ಗ.

‘ಹಂಗಾಮಿ’ಯ ಅತ್ಯಂತ ಖಚಿತವಾದ ಬಳಕೆ ವಿಧಾನಸಭೆಯಲ್ಲಿದೆ. ಸಂವಿಧಾನದ 180ನೆಯ ಅನುಚ್ಛೇದದಂತೆ ಸಭಾಧ್ಯಕ್ಷರ ಮತ್ತು ಉಪಸಭಾಧ್ಯಕ್ಷರ ಸ್ಥಾನಗಳೆರಡೂ ಖಾಲಿಯಿದ್ದಾಗ ರಾಜ್ಯಪಾಲರು ಸದಸ್ಯರೊಬ್ಬರನ್ನು ಆ ಕರ್ತವ್ಯಕ್ಕೆ ನೇಮಿಸುತ್ತಾರೆ. 2018ರಲ್ಲಿ ಕೆ.ಜಿ. ಬೋಪಯ್ಯನವರೂ 2023ರಲ್ಲಿ ಆರ್.ವಿ. ದೇಶಪಾಂಡೆಯವರೂ ಹೀಗೆ ಹಂಗಾಮಿ ಸಭಾಧ್ಯಕ್ಷರಾಗಿದ್ದರು. ಹೊಸ ಸದಸ್ಯರ ಪ್ರಮಾಣವಚನ ನಡೆದು, ಸಭಾಧ್ಯಕ್ಷರ ಆಯ್ಕೆಯಾದ ಗಳಿಗೆಗೆ ಹಂಗಾಮಿಯ ಕೆಲಸ ಮುಗಿಯುತ್ತದೆ. ಯಾರೂ ಹೆಚ್ಚಿಗೆ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ.

‘ಉಸ್ತುವಾರಿ’ ಎಂದರೆ ಮೇಲ್ವಿಚಾರಣೆ. ಅದರಲ್ಲಿ ಕಾಲದ ಮಿತಿಯ ಅರ್ಥ ಇಲ್ಲ. ಜಿಲ್ಲಾ ಉಸ್ತುವಾರಿ ಸಚಿವರು ತಾತ್ಕಾಲಿಕ ಸಚಿವರಲ್ಲ. ರಾಜೀನಾಮೆ ಕೊಟ್ಟು, ಮುಂದಿನವರು ಬರುವವರೆಗೆ ಮುಂದುವರಿಯುವ ಸರ್ಕಾರವನ್ನೂ ‘ಉಸ್ತುವಾರಿ ಸರ್ಕಾರ’ ಎಂದರೆ ಒಂದೇ ಪುಟದಲ್ಲಿ ಉಸ್ತುವಾರಿ ಎರಡು ಅರ್ಥಗಳಲ್ಲಿ ನಿಲ್ಲುತ್ತದೆ. ಅಲ್ಲಿ ‘ಹಂಗಾಮಿ ಸರ್ಕಾರ’ ಎನ್ನುವುದೇ ಮೇಲು.

ಇದರ ಜೊತೆಯಲ್ಲಿ ವಿರುದ್ಧ ಪದಗಳನ್ನೂ ಹೇಳಿಬಿಡುತ್ತೇನೆ. ಹಂಗಾಮಿಗೆ ಎದುರು ‘ಕಾಯಂ’, ತಾತ್ಕಾಲಿಕಕ್ಕೆ ಎದುರು ‘ಶಾಶ್ವತ’ ಎಂಬುದು ರೂಢಿ. ಶಾಶ್ವತವೆಂದರೆ ಎಂದೆಂದಿಗೂ ಇರುವುದು. ಸೇತುವೆಗೂ ಕೊಳವೆಬಾವಿಗೂ ‘ಶಾಶ್ವತ ಪರಿಹಾರ’ ಎಂದು ಭಾಷಣಗಳಲ್ಲಿ ಕೇಳಿದಾಗ ಅದು ಹೆಚ್ಚಿನ ಮಾತೆನಿಸುತ್ತದೆ, ‘ಸ್ಥಿರವಾದ ಏರ್ಪಾಡು’ ಎಂದರೆ ಸಾಲದೇ? ನೌಕರಿಯ ವಿಷಯದಲ್ಲಿ ಈ ಜೋಡಿ ಬರಿಯ ಪದಗಳ ಮಾತಾಗಿ ಉಳಿಯುವುದಿಲ್ಲ. ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2006ರ ಏಪ್ರಿಲ್ 10ರಂದು, ಎಷ್ಟೇ ಕಾಲ ತಾತ್ಕಾಲಿಕವಾಗಿ ದುಡಿದರೂ ಆ ಕಾರಣಕ್ಕೇ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಎಂದು ಹೇಳಿತು. ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆದೇಶಗಳ ಆಸರೆಯಿಲ್ಲದೆ ಹತ್ತು ವರ್ಷ ಕಳೆದವರ ವಿಚಾರವನ್ನು ಒಂದು ಬಾರಿಯ ಕ್ರಮವಾಗಿ ಪರಿಶೀಲಿಸಬೇಕೆಂದೂ ಸೇರಿಸಿತು. ಹತ್ತು ವರ್ಷದ ಬಳಿಕವೂ ‘ತಾತ್ಕಾಲಿಕ’ ಎಂದೇ ಕರೆಸಿಕೊಳ್ಳುತ್ತಿದ್ದವರು ಎಷ್ಟೋ ಮಂದಿ ಇದ್ದರೆಂಬುದು ಆ ಸಾಲಿನಿಂದಲೇ ಗೊತ್ತಾಗುತ್ತದೆ.

ಪ್ರಶ್ನೆ: ನ್ಯಾಯಾಲಯದ ‘ಮಧ್ಯಂತರ ಆದೇಶ’ವನ್ನು ‘ತಾತ್ಕಾಲಿಕ ಆದೇಶ’ ಎನ್ನಬಹುದೇ? ‘ಮಧ್ಯಾಂತರ’ ಎಂದು ಬರೆಯುವುದು ಸರಿಯೇ?
— ಕಾನೂನು ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಮಧ್ಯ ಮತ್ತು ಅಂತರ ಸೇರಿದರೆ, ಗ್ರಾಮಾಂತರ, ದೇಶಾಂತರಗಳಂತೆ, ಸವರ್ಣದೀರ್ಘ ಸಂಧಿಯಿಂದ ‘ಮಧ್ಯಾಂತರ’ ಆಗಬೇಕು. ರೂಢಿಯಲ್ಲಿ ನಿಂತಿರುವುದು ‘ಮಧ್ಯಂತರ’. ಇಷ್ಟು ಕಾಲ ಎಲ್ಲರೂ ಬರೆದು ಗಟ್ಟಿಯಾಗಿರುವ ರೂಪವನ್ನು ಈಗ ತಿದ್ದಲು ಹೊರಡುವುದರಲ್ಲಿ ನನಗೆ ಹುರುಪಿಲ್ಲ.

ಅರ್ಥದ ವಿಷಯಕ್ಕೆ ಬಂದರೆ, ಮಧ್ಯಂತರವೆಂದರೆ ಎರಡು ತುದಿಗಳ ನಡುವಿನದು. ಮೊಕದ್ದಮೆ ದಾಖಲಾದದ್ದು ಒಂದು ತುದಿ, ಅಂತಿಮ ತೀರ್ಪು ಇನ್ನೊಂದು ತುದಿ, ನಡುವೆ ಕೊಟ್ಟದ್ದು ಮಧ್ಯಂತರ ಆದೇಶ. ಅದು ತಾತ್ಕಾಲಿಕವೂ ಹೌದು. ಹಾಗೆಂದು ಮಧ್ಯಂತರವಾದದ್ದೆಲ್ಲ ತಾತ್ಕಾಲಿಕ ಆಗುವುದಿಲ್ಲ: ಮಧ್ಯಂತರ ಚುನಾವಣೆಯಲ್ಲಿ ಗೆದ್ದವರು ತಾತ್ಕಾಲಿಕ ಶಾಸಕರಲ್ಲ. ಕಾನೂನಿನಲ್ಲಿ ‘ತಾತ್ಕಾಲಿಕ’ ಎಂಬುದಕ್ಕೂ ತನ್ನದೇ ಜಾಗವಿದೆ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 37ನೆಯ ಪ್ರಕರಣವು ತಾತ್ಕಾಲಿಕ ಪ್ರತಿಬಂಧಕಾಜ್ಞೆಯನ್ನು ನಿರೂಪಿಸುವಾಗ, ನಿರ್ದಿಷ್ಟ ಕಾಲದವರೆಗೆ ಅಥವಾ ನ್ಯಾಯಾಲಯದ ಮುಂದಿನ ಆದೇಶದವರೆಗೆ ನಡೆಯುವಂಥದ್ದು ಎಂಬ ಎಲ್ಲೆಯನ್ನು ನಿರೂಪಣೆಯಲ್ಲಿಯೇ ಸೇರಿಸಿದೆ. ಮೊದಲ ಉತ್ತರದಲ್ಲಿ ನಾನು ಕೇಳಿದ ‘ವರೆಗೆ’ ಇಲ್ಲಿ ಕಾಯಿದೆಯ ಅಂಗವಾಗಿಯೇ ಬಂದಿದೆ.

‘ಮಧ್ಯಂತರ’ ಎಂಬ ಪದವನ್ನು ನಿಮ್ಮ ಜಿಲ್ಲೆಯವರು ಕಲಿತದ್ದು ಪುಸ್ತಕದಿಂದಲ್ಲ, ಕಾವೇರಿಯಿಂದ. 1990ರ ಜೂನ್‌ನಲ್ಲಿ ರಚನೆಯಾದ ಕಾವೇರಿ ಜಲವಿವಾದ ನ್ಯಾಯಮಂಡಳಿ 1991ರ ಜೂನ್ 25ರಂದು ಮಧ್ಯಂತರ ಆದೇಶ ನೀಡಿ, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ದೊರಕುವಂತೆ ಮಾಡಬೇಕೆಂದಿತು. ಅಂತಿಮ ಐತೀರ್ಪು ಬಂದದ್ದು 2007ರ ಫೆಬ್ರುವರಿ 5ರಂದು, ಅದು ರಾಜಪತ್ರದಲ್ಲಿ ಪ್ರಕಟವಾದದ್ದು 2013ರಲ್ಲಿ, ಸುಪ್ರೀಂ ಕೋರ್ಟು ಅದನ್ನು ಮಾರ್ಪಡಿಸಿ ತೀರ್ಪಿತ್ತದ್ದು 2018ರ ಫೆಬ್ರುವರಿ 16ರಂದು. ನಡುವಿನದೆಂದು ಹೆಸರಾದ ಆದೇಶದ ನೆರಳಿನಲ್ಲಿಯೇ ಮಂಡ್ಯದ ಒಂದು ತಲೆಮಾರು ಬೆಳೆಯಿತು. ಇಷ್ಟು ದೀರ್ಘವಾದರೂ ಅದನ್ನು ತಾತ್ಕಾಲಿಕ ಆದೇಶವೆಂದು ಯಾರೂ ಕರೆಯಲಿಲ್ಲ, ಮಧ್ಯಂತರವೆಂದೇ ಕರೆದರು. ಏಕೆಂದರೆ ಆ ಪದಕ್ಕೆ ಎಷ್ಟು ಕಾಲ ಎಂಬ ಲೆಕ್ಕ ಬೇಕಿಲ್ಲ, ಇನ್ನೊಂದು ತುದಿ ಬಾಕಿಯಿದೆ ಎಂದರೆ ಸಾಕು.

ಪ್ರಶ್ನೆ: ‘ಜುಗಾಡ್’ ಎಂಬ ಹಿಂದಿ ಪದ ಈಗ ಎಲ್ಲರ ಬಾಯಲ್ಲಿದೆ. ಕನ್ನಡದಲ್ಲಿ ಇದಕ್ಕೆ ಪದವಿಲ್ಲವೇ?
— ಓದುಗರೊಬ್ಬರು, ಮಳವಳ್ಳಿ

ಉತ್ತರ: ಕೈಗೆ ಸಿಕ್ಕಿದ್ದರಲ್ಲಿ ಜಾಣತನದಿಂದ ಹೊಂದಿಸಿಕೊಳ್ಳುವುದು ಅದರ ತಿರುಳು, ಕಾಲದ ಮಾತು ಅದರಲ್ಲಿ ಹಿಂದೆ ಬೀಳುತ್ತದೆ. ಹಾಗಾಗಿ ಅದಕ್ಕೆ ‘ತಾತ್ಕಾಲಿಕ ಪರಿಹಾರ’ ಎಂದು ಬರೆಯುವುದು ಹೊಂದದು. ನಾಮಪದವೊಂದನ್ನೇ ಹುಡುಕಿದರೆ ‘ಹೊಂದಿಕೆ’ಯೋ ‘ಉಪಾಯ’ವೋ ಸಿಕ್ಕೀತು, ಎರಡೂ ಸಪ್ಪೆ. ಕನ್ನಡ ಈ ಭಾವವನ್ನು ಕ್ರಿಯಾಪದದಲ್ಲಿ ಇಟ್ಟುಕೊಂಡಿದೆ. ನಿಮ್ಮ ಕಡೆಯಲ್ಲಿಯೇ ‘ಹೆಂಗೋ ಸುದಾರಿಸ್ಕೊಂಡ್ವಿ’, ‘ಈ ಸಲ ಸುದಾರಿಸ್ಕಳಿ’ ಎನ್ನುವುದನ್ನು ಕೇಳಿಲ್ಲವೇ? ಗ್ರಂಥಭಾಷೆಯಲ್ಲಿ ಸುಧಾರಿಸುವುದೆಂದರೆ ಉತ್ತಮಗೊಳಿಸುವುದು, ಸಮಾಜ ಸುಧಾರಣೆ, ಭೂಸುಧಾರಣೆಗಳಲ್ಲಿ ಇರುವಂತೆ. ಮಾತಿನಲ್ಲಿ ಅದೇ ಪದಕ್ಕೆ ಇರುವುದರಲ್ಲಿ ನಿಭಾಯಿಸು, ದಣಿವಾರಿಸಿಕೋ ಎಂಬ ಅರ್ಥಗಳು ಬಂದಿವೆ. ಮದುವೆಗೆ ನೆಂಟರು ಎಣಿಸಿದ್ದಕ್ಕಿಂತ ಹೆಚ್ಚು ಬಂದಾಗ ಅಡಿಗೆಯವರು ಸಾರು ಹೆಚ್ಚಿಸಿ ಸುಧಾರಿಸುತ್ತಾರಲ್ಲ, ಅದು. ನಾನು ಬರೆಯುವಾಗ ‘ಇದ್ದುದರಲ್ಲಿ ಸುಧಾರಿಸಿದರು’ ಎಂದೇ ಬರೆಯುತ್ತೇನೆ, ಓದುಗರು ಎಡವಿದ್ದು ಕಂಡಿಲ್ಲ.

ಪ್ರಶ್ನೆ: ತತ್ಕಾಲಿಕ, ತಾತ್ಕಾಲಿಕ, ತತ್ಕಾಲೀನ, ತಾತ್ಕಾಲೀಕ – ಇವುಗಳಲ್ಲಿ ಶುದ್ಧರೂಪ ಯಾವುದು?
— ಶಾಲಾ ಶಿಕ್ಷಕಿ, ಪಾಂಡವಪುರ

ಉತ್ತರ: ‘ತಾತ್ಕಾಲಿಕ’ ಮತ್ತು ‘ತತ್ಕಾಲೀನ’ ಎರಡೂ ಶುದ್ಧ, ಆದರೆ ಅರ್ಥ ಬೇರೆ. ‘ತತ್ಕಾಲೀನ’ ಎಂದರೆ ಆ ಕಾಲದಲ್ಲಿದ್ದ ಎಂದರ್ಥ. ‘ತತ್ಕಾಲೀನ ಶಾಸನಗಳಲ್ಲಿ ಈ ಊರಿನ ಹೆಸರಿದೆ’ ಎಂಬಂತೆ ಬಳಸಬೇಕು. ಉಳಿದೆರಡು ರೂಪಗಳನ್ನು ಮಕ್ಕಳ ಪುಸ್ತಕದಲ್ಲಿ ಕಂಡರೆ ತಾವು ಕೆಂಪು ಶಾಯಿಯಲ್ಲಿ ತಿದ್ದಬಹುದು.